ಮೂರನೇ ಮಹಡಿಯ ಹೆಂಗಸು

ನಿವೃತ್ತನಾದ ಮೇಲಿನ ಎಂಟು ತಿಂಗಳು ಅವನು ಯಾರೊಂದಿಗೂ ನೆಟ್ಟಗೆ ನಾಲ್ಕು ಮಾತು ಆಡಿರಲಿಲ್ಲ. ಆಡಬಾರದೆಂಬ ಹಟವೇನೂ ಇರಲಿಲ್ಲ, ಪ್ರಸಂಗವೇ ಬರುತ್ತಿರಲಿಲ್ಲ. ಬೆಳಿಗ್ಗೆ ಹಾಲಿನ ಅಂಗಡಿಯಲ್ಲಿ 'ಒಂದು' ಅನ್ನುತ್ತಿದ್ದ. ತರಕಾರಿಯವಳ ಮುಂದೆ 'ಸಾಕು' ಅನ್ನುತ್ತಿದ್ದ. ಮೆಟ್ಟಿಲಲ್ಲಿ ಯಾರಾದರೂ ಎದುರಾದರೆ ತಲೆಯಾಡಿಸುತ್ತಿದ್ದ. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಭಾನುವಾರ ತಂಗಿ ಫೋನ್ ಮಾಡಿದಾಗ ಮೊದಲ ಮಾತು ಹೊರಬೀಳುವ ಮುನ್ನ ಎರಡು ಸಲ ಕೆಮ್ಮಬೇಕಾಗುತ್ತಿತ್ತು.

"ಅಣ್ಣಾ, ನಿನ್ನ ಗಂಟಲಿಗೆ ತುಕ್ಕು ಹಿಡಿದಿದೆ," ಎಂದಳು ತಂಗಿ ಒಂದು ದಿನ. "ಎಲ್ಲಾದ್ರೂ ಹೋಗಿ ನಾಲ್ಕು ಜನರ ಮಧ್ಯೆ ಕೂತ್ಕೋ. ಇಲ್ಲದಿದ್ರೆ ನಾನೇ ಬಂದು ಎಳ್ಕೊಂಡು ಹೋಗ್ತೀನಿ."

ತಂಗಿ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳ ಮನೆ ಒಂದು ದಿನದ ಪ್ರಯಾಣದಷ್ಟು ದೂರ, ಮನೆ ತುಂಬ ಮೊಮ್ಮಕ್ಕಳು. ಆದರೂ ಆ ಮಾತು ಅವನ ತಲೆಯಲ್ಲಿ ಉಳಿಯಿತು.

ನಲವತ್ತು ವರ್ಷ ಅವನು ಮಾಡಿದ್ದು ಲಿಫ್ಟ್ ರಿಪೇರಿ. ಜನರ ನಡುವೆಯೇ ಇದ್ದೂ ಜನರಿಲ್ಲದ ಕೆಲಸ ಅದು. ಕೆಳಗಿನ ಗುಂಡಿಗೆ ಇಳಿದರೆ ತಲೆಯ ಮೇಲೆ ಹೆಜ್ಜೆ ಸಪ್ಪಳ, ಮೇಲಿನ ಯಂತ್ರದ ಕೋಣೆಯಲ್ಲಿ ಕೂತರೆ ಕಾಲಡಿಯಲ್ಲಿ ಮಾತು. ಮುಖ ಮಾತ್ರ ಕಾಣುತ್ತಿರಲಿಲ್ಲ. ಯಾರೋ "ನಾನು ಅವಳಿಗೆ ಹೇಳೇಬಿಟ್ಟೆ ನೋಡು..." ಅನ್ನುವಷ್ಟರಲ್ಲಿ ಬಾಗಿಲು ಮುಚ್ಚಿ, ಉಳಿದರ್ಧ ಮಾತು ಐದನೇ ಮಹಡಿಗೆ ಹೊರಟುಹೋಗುತ್ತಿತ್ತು. ಅವಳಿಗೆ ಏನು ಹೇಳಿದರು, ಅವಳು ಏನೆಂದಳು ಎಂಬುದನ್ನು ಅವನು ಸ್ಪ್ಯಾನರ್ ತಿರುಗಿಸುತ್ತ ತಾನೇ ಊಹಿಸಿಕೊಳ್ಳುತ್ತಿದ್ದ. ಹಾಗೆ ಊಹಿಸಿಕೊಂಡ ಅರ್ಧ ಮಾತುಗಳು ಅವನಲ್ಲಿ ಬೇಕಾದಷ್ಟಿದ್ದವು.

ಅಕ್ಟೋಬರಿನಲ್ಲಿ ಲೈಬ್ರರಿಯ ಬಾಗಿಲಿಗೆ ಅಂಟಿಸಿದ್ದ ಚೀಟಿ ಅವನ ಕಣ್ಣಿಗೆ ಬಿತ್ತು. 'ಗುರುವಾರದ ಕೂಟ. ನಿವೃತ್ತರಿಗಾಗಿ. ಸಂಜೆ ನಾಲ್ಕು ಗಂಟೆ, ಹಿಂದಿನ ಕೋಣೆ. ವಾರದಲ್ಲಿ ಕಂಡ ಒಂದು ಸಂಗತಿಯೊಂದಿಗೆ ಬನ್ನಿ.'

ಹಿಂದಿನ ಕೋಣೆಯೆಂದರೆ ಹರಿದ ಪುಸ್ತಕಗಳನ್ನು ಹೊಲಿಗೆಗಾಗಿ ಇಡುವ ಕೋಣೆ. ಗೋಂದಿನ ವಾಸನೆ, ಒಂದು ಉದ್ದ ಮೇಜು, ಒಂದಕ್ಕೊಂದು ಹೊಂದದ ಆರು ಕುರ್ಚಿ. ಕೂಟದಲ್ಲಿದ್ದವರು ಮೂವರು. ಕೂಟ ಕಟ್ಟಿದವರು ಭೂಗೋಳ ಕಲಿಸಿದ್ದ ಮೇಷ್ಟ್ರು. ಈಗಲೂ ಯಾರಾದರೂ ಮಾತಾಡುವಾಗ ಗೋಡೆಯ ಮೇಲೆ ನಕ್ಷೆ ಇದ್ದ ಹಾಗೆ ಅತ್ತ ನೋಡುತ್ತಿದ್ದರು. ಎರಡನೆಯವಳು ನರ್ಸಮ್ಮ, ಕೈ ಸದಾ ಹೆಣಿಗೆಯಲ್ಲಿ, ಕಿವಿ ಸದಾ ಮಾತಿನಲ್ಲಿ. ಮೂರನೆಯವಳು ಟೈಪಿಸ್ಟಮ್ಮ, ಕೋರ್ಟಿನಲ್ಲಿ ಮೂವತ್ತನಾಲ್ಕು ವರ್ಷ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವಳು. ಕೂಟದಲ್ಲಿ ಯಾರು ಏನು ಹೇಳಿದರೂ ಅದನ್ನು ಹಳೆಯ ಟೈಪ್‌ರೈಟರಿನಲ್ಲಿ ಆಗಿಂದಾಗ್ಗೆ ಬಡಿದು, ಪುಟಕ್ಕೆ ಸಂಖ್ಯೆ ಹಾಕಿ, ಫೈಲಿಗೆ ಸೇರಿಸುತ್ತಿದ್ದಳು.

"ನಿಯಮ ಒಂದೇ," ಎಂದರು ಮೇಷ್ಟ್ರು. "ಕಣ್ಣಾರೆ ನೋಡಿದ್ದು ಮಾತ್ರ. ಕೇಳಿದ್ದು, ಓದಿದ್ದು, ಟಿವಿಯಲ್ಲಿ ಬಂದದ್ದು ಬೇಡ."

"ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದ ನರ್ಸಮ್ಮ, ಅವನು ಉತ್ತರಿಸಿದೊಡನೆ, "ಹಾಗಾದ್ರೆ ಇವತ್ತಿಂದ ನೀವು ಲಿಫ್ಟಣ್ಣ," ಎಂದು ನಾಮಕರಣ ಮಾಡಿ ಮುಗಿಸಿದಳು.

ಮೊದಲ ಗುರುವಾರ ಹೊಸಬನೆಂದು ಬಿಟ್ಟರು. ಎರಡನೆಯ ಗುರುವಾರ ಅವನ ಸರದಿ ಬಂತು. ಆ ವಾರ ಅವನು ಏನನ್ನು ನೋಡಿದ್ದ? ಹಾಲಿನ ಅಂಗಡಿ, ಮೆಟ್ಟಿಲು, ಅಡುಗೆಮನೆಯ ಕಿಟಕಿಯಿಂದ ಕಾಣುವ ಎದುರು ಕಟ್ಟಡ. ಆ ಕಟ್ಟಡದ ಮೂರನೇ ಮಹಡಿಯಲ್ಲಿ ಸದಾ ಎಳೆದೇ ಇರುವ ಬೂದು ಪರದೆ. ಇದನ್ನೆಲ್ಲ ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ? ಮೂವರೂ ಅವನ ಮುಖವನ್ನೇ ನೋಡುತ್ತಿದ್ದರು. ಟೈಪಿಸ್ಟಮ್ಮನ ಬೆರಳುಗಳು ಕೀಲಿಗಳ ಮೇಲೆ ಕಾದಿದ್ದವು.

"ನಮ್ಮನೆ ಎದುರು ಕಟ್ಟಡದಲ್ಲಿ ಒಬ್ಬ ಹೆಂಗಸಿದಾರೆ," ಎಂದ ಅವನು. "ಮೂರನೇ ಮಹಡಿ. ಒಬ್ಬರೇ ಇರೋದು. ಸಂಜೆ ಐದಕ್ಕೆ ಮೇಜಿನ ಮೇಲೆ ಎರಡು ಲೋಟ ಇಡ್ತಾರೆ. ಒಂದು ಕುಡೀತಾರೆ. ಸ್ವಲ್ಪ ಹೊತ್ತು ಬಿಟ್ಟು ಎದ್ದು, ಎದುರಿನ ಕುರ್ಚಿಗೆ ಹೋಗಿ ಕೂತು, ಇನ್ನೊಂದನ್ನೂ ಕುಡೀತಾರೆ."

ನರ್ಸಮ್ಮನ ಹೆಣಿಗೆ ನಿಂತಿತು. ಮೇಷ್ಟ್ರು ಗೋಡೆಯಿಂದ ಮುಖ ತಿರುಗಿಸಿದರು. "ಇದು ನೋಡಿ, ಇದು ನೋಟ ಅಂದ್ರೆ," ಎಂದರು ನಿಧಾನವಾಗಿ.

ಆ ದಿನ ಮನೆಗೆ ಹೋಗುವಾಗ ಲಿಫ್ಟಣ್ಣ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ. ಮುಂದಿನ ವಾರ ಬೇರೇನಾದರೂ ಹೇಳಿ ಮರೆಸಿಬಿಡಬೇಕೆಂದುಕೊಂಡ. ಆದರೆ ಮುಂದಿನ ವಾರ ಅವನು ಕೂರುವ ಮೊದಲೇ ನರ್ಸಮ್ಮ, "ಹೇಗಿದಾರೆ ಆಯಮ್ಮ?" ಎಂದು ಕೇಳಿದಳು. ತನ್ನ ಬಾಯಿಂದ ಬಂದ ಮಾತಿಗಾಗಿ ಒಬ್ಬರು ಏಳು ದಿನ ಕಾದಿದ್ದರು ಅನ್ನುವುದು ಅವನಿಗೆ ಹೊಸದು. ಆ ರುಚಿ ಬಿಡಲಾಗಲಿಲ್ಲ.

ಹೀಗೆ ಎದುರು ಕಟ್ಟಡದ ಹೆಂಗಸು ವಾರವಾರ ಬೆಳೆದಳು. ಲಿಫ್ಟಿನ ಗುಂಡಿಯಲ್ಲಿ ಕೂತು ಎಂದೋ ಕೇಳಿದ್ದ ಗುನುಗು ಒಂದು ಅವಳ ಬಾಯಿಗೆ ಬಂತು. ಯಾವುದೋ ಆಫೀಸಿನ ಲಿಫ್ಟಿನಲ್ಲಿ ಕೇಳಿದ್ದ ಕುಂಟು ನಡಿಗೆ ಅವಳ ಕಾಲಿಗೆ ಸೇರಿತು. ಡಿಸೆಂಬರ್ ಹತ್ತಿರವಾಗಿ ಅಂಗಡಿಬೀದಿಯಲ್ಲಿ ಕ್ರಿಸ್‌ಮಸ್ ದೀಪದ ಸರಗಳು ಏರುತ್ತಿದ್ದಂತೆ ಅವಳೂ ದಿನಕ್ಕೊಂದು ಕಾಗದದ ನಕ್ಷತ್ರ ಕತ್ತರಿಸಿ, ಸ್ಟೂಲ್ ಹತ್ತಿ, ಕಿಟಕಿಗೆ ಕಟ್ಟತೊಡಗಿದಳು.

"ಆ ವಯಸ್ಸಿಗೆ ಸ್ಟೂಲ್ ಹತ್ತೋದಾ?" ನರ್ಸಮ್ಮ ಕಣ್ಣರಳಿಸಿದಳು. "ಸೊಂಟದ ಮೂಳೆ ಮುರಿದ್ರೆ ಏಳೋಕಾಗುತ್ತಾ? ನೀವಾದ್ರೂ ಕಿಟಕಿಯಿಂದ ಕೂಗಿ ಹೇಳಬಾರದೇನ್ರೀ?"

"ಹೇಳ್ತೀನಿ," ಎಂದ ಲಿಫ್ಟಣ್ಣ. ಮುಂದಿನ ವಾರ ನರ್ಸಮ್ಮನ ಸೂಜಿಗಳ ನಡುವೆ ನೀಲಿ ಕಾಲುಚೀಲವೊಂದು ಅರ್ಧ ಮೂಡಿತ್ತು. ಡಿಸೆಂಬರಿನ ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವ ಒಂಟಿ ಹೆಂಗಸಿಗೆ, ಎಂದಳು.

ಕ್ರಿಸ್‌ಮಸ್ಸಿಗೆ ಎರಡು ದಿನ ಮೊದಲು ಲೈಬ್ರರಿಯ ದೊಡ್ಡ ಹಾಲಿನಲ್ಲಿ ಕೂಟದ ವರ್ಷದ ಓದು ನಡೆಯುವುದಿತ್ತು. ಓದಲು ಆರಿಸಿದ್ದು ಲಿಫ್ಟಣ್ಣನ ಎಂಟು ಪುಟಗಳನ್ನು. ಮೇಷ್ಟ್ರೇ ಓದುವವರಿದ್ದರು. ಅದರ ಹಿಂದಿನ ಗುರುವಾರ ಸಭೆ ಮುಗಿಯುತ್ತಲೇ ನರ್ಸಮ್ಮ ಎದ್ದು ನಿಂತು ಕೋಟು ಹಾಕಿಕೊಂಡಳು.

"ನಡೀರಿ, ಎಲ್ಲರೂ ಹೋಗಿ ಆಯಮ್ಮನ್ನ ಕರೆದು ಬರೋಣ. ಅವರ ಬಗ್ಗೆ ಓದೋದು, ಅವರೇ ಇಲ್ಲದಿದ್ರೆ ಚೆನ್ನಾಗಿರುತ್ತಾ?"

"ಅವರಿಗೆ ಮುಜುಗರ ಆಗಬಹುದು," ಎಂದ ಲಿಫ್ಟಣ್ಣ.

"ನಾನು ಮಾತಾಡ್ತೀನಿ ಬಿಡಿ. ಆಪರೇಷನ್ನಿಗೆ ಒಲ್ಲೆ ಅಂದವರನ್ನೇ ಒಪ್ಪಿಸಿದೀನಿ."

ನಾಲ್ವರೂ ಹೊರಟರು. ಹತ್ತು ನಿಮಿಷದ ದಾರಿ. ಅಂಗಡಿಗಳ ಮುಂದೆ ಪ್ಲಾಸ್ಟಿಕ್ ಮರಗಳು, ಕೇಕಿನ ಡಬ್ಬಿ ಹಿಡಿದು ಓಡುವ ಜನ. ಮೇಷ್ಟ್ರು ನಿಂತು ನಿಂತು ಒಂದೊಂದು ದೀಪವನ್ನೂ ನೋಡುತ್ತಿದ್ದರು. ಲಿಫ್ಟಣ್ಣ ಮುಂದೆ ನಡೆಯುತ್ತ, ಆಕೆ ಊರಿಗೆ ಹೋಗಿದ್ದಾಳೆ ಅನ್ನಲೇ, ಕಾಯಿಲೆ ಅನ್ನಲೇ, ಮನೆ ಬದಲಾಯಿಸಿದಳು ಅನ್ನಲೇ ಎಂದು ಲೆಕ್ಕ ಹಾಕಿದ. ಯಾವುದನ್ನು ಹೇಳಿದರೂ ನರ್ಸಮ್ಮ ವಿಳಾಸ ಕೇಳುತ್ತಾಳೆ.

ಎದುರು ಕಟ್ಟಡದ ಬಾಗಿಲಲ್ಲಿ ಕರೆಗಂಟೆಗಳ ಸಾಲಿತ್ತು. ನರ್ಸಮ್ಮ ಕನ್ನಡಕ ಏರಿಸಿ ಹುಡುಕಿದಳು. "ಮೂರನೇದು ಇದೇ ಅಲ್ವಾ?" ಬೆರಳು ಗುಂಡಿಯ ಮೇಲೆ ಹೋಯಿತು.

"ಒತ್ತಬೇಡಿ. ಅಲ್ಲಿ ಯಾರೂ ಇಲ್ಲ."

"ಹೊರಗೆ ಹೋಗಿದಾರಾ?"

"ಇಲ್ಲ." ಅವನ ದನಿ ಅವನಿಗೇ ಕೇಳಿಸಲಿಲ್ಲ. "ಯಾವತ್ತೂ ಇರಲಿಲ್ಲ. ನಾನೇ ಹೇಳಿಕೊಂಡು ಬಂದೆ. ಅಲ್ಲಿರೋದು ಒಂದು ಪರದೆ ಅಷ್ಟೇ."

ಮೇಷ್ಟ್ರು ತಲೆಯೆತ್ತಿ ಮೂರನೇ ಮಹಡಿಯ ಬೂದು ಪರದೆಯನ್ನು ನೋಡಿದರು. ನರ್ಸಮ್ಮನ ಬೆರಳು ಇನ್ನೂ ಗುಂಡಿಯ ಹತ್ತಿರವೇ ಇತ್ತು.

"ಹಾಗಾದ್ರೆ ಸ್ಟೂಲು?" ಎಂದಳು.

"ಸ್ಟೂಲೂ ಇಲ್ಲ ನರ್ಸಮ್ಮ."

ಅವಳು ಕೈ ಕೆಳಗಿಳಿಸಿ, ಬ್ಯಾಗಿನ ಜಿಪ್ಪು ಎಳೆದುಕೊಂಡಳು. ಕಾಲುಚೀಲ ಅದರೊಳಗಿತ್ತೆಂದು ಎಲ್ಲರಿಗೂ ಗೊತ್ತಿತ್ತು.

ಟೈಪಿಸ್ಟಮ್ಮ ಮಾತ್ರ ನೇರ ಅವನ ಮುಖ ನೋಡಿದಳು. "ಎಂಟು ಪುಟ," ಎಂದಳು. "ನನ್ನ ಕೈಯಾರೆ ಟೈಪ್ ಮಾಡಿದೀನಿ. ಕೋರ್ಟಲ್ಲಿ ಸುಳ್ಳು ಹೇಳೋರು ಬೇಕಾದಷ್ಟು ಜನ ಬರ್ತಿದ್ರು. ಅವರಿಗೆ ಜೈಲಿನ ಭಯ, ಆಸ್ತಿಯ ಆಸೆ. ನಿಮಗೆ ಏನಿತ್ರೀ?"

ಲಿಫ್ಟಣ್ಣನಿಗೆ ಉತ್ತರ ಹೊಳೆಯುವ ಹೊತ್ತಿಗೆ ಅವರು ಮೂವರೂ ಬೀದಿಯ ತಿರುವು ದಾಟಿದ್ದರು.

ವರ್ಷದ ಓದಿಗೆ ಅವನು ಹೋಗಲಿಲ್ಲ. ಅಂದು ಬೇರೆ ಏನನ್ನೋ ಓದಿದರೆಂದು ಲೈಬ್ರರಿಯ ಬಾಗಿಲ ಚೀಟಿಯಿಂದ ತಿಳಿಯಿತು. ಆ ವಾರ ಅವನು ಸುಮ್ಮನೆ ಬೀದಿ ಸುತ್ತಿದ. ವಿಚಿತ್ರವೆಂದರೆ, ಹೇಳಲು ಯಾರೂ ಇಲ್ಲದಾಗ ಕಣ್ಣು ಚುರುಕಾಯಿತು. ಆಟಿಕೆ ಅಂಗಡಿಯ ಹಿಂಬಾಗಿಲಲ್ಲಿ ಕ್ರಿಸ್‌ಮಸ್ ತಾತನ ವೇಷದವನೊಬ್ಬ ಗಡ್ಡವನ್ನು ಗಲ್ಲದ ಕೆಳಗೆಳೆದುಕೊಂಡು, ಪ್ರತಿ ತುತ್ತಿಗೂ ತೋಳಿನ ಬಿಳಿ ಅಂಚು ಮಡಚುತ್ತ, ಡಬ್ಬಿಯ ಊಟ ಮಾಡುತ್ತಿದ್ದ. ಲೈಬ್ರರಿಯ ಮುಂದಿನ ಪ್ಲಾಸ್ಟಿಕ್ ಮರಕ್ಕೆ ಒಂದು ಕಾಲಿರಲಿಲ್ಲ. ಅದರಡಿಗೆ ದಪ್ಪ ನಿಘಂಟೊಂದನ್ನು ಒತ್ತಾಗಿ ಇಟ್ಟಿದ್ದರು. ಉಡುಗೊರೆ ಕಟ್ಟುವ ಅಂಗಡಿಯ ಹೆಂಗಸು ಖಾಲಿ ಡಬ್ಬಿಗಳಿಗೂ ಅಷ್ಟೇ ಅಕ್ಕರೆಯಿಂದ ರಿಬ್ಬನ್ ಕಟ್ಟಿ ಗಾಜಿನೊಳಗೆ ಜೋಡಿಸುತ್ತಿದ್ದಳು. ಒಂದೊಂದನ್ನು ಕಂಡಾಗಲೂ 'ಇದನ್ನ ಗುರುವಾರ ಹೇಳಬೇಕು' ಅನ್ನಿಸಿ, ಮರುಕ್ಷಣವೇ ನೆನಪಾಗಿ, ಮುಂದೆ ನಡೆಯುತ್ತಿದ್ದ.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಅವನ ಕಟ್ಟಡ ಬರಿದಾಗಿತ್ತು. ಕೆಲವರು ಊರಿಗೆ, ಕೆಲವರು ನೆಂಟರ ಮನೆಗೆ ಹೋಗಿದ್ದರು. ವಾಚ್‌ಮನ್ ಕೂಡ ಹಿಂದಿನ ಸಂಜೆಯೇ ಬಂದು, "ಏನಾದ್ರೂ ಆದ್ರೆ ನೀವಿದೀರಲ್ಲ ಯಜಮಾನ್ರೇ," ಎಂದು ಮಾಳಿಗೆಯ ಬೀಗದ ಕೈ ಅವನ ಕೈಗಿಟ್ಟು ರಜೆಗೆ ಹೊರಟಿದ್ದ. ತಂಗಿ ಒಂಬತ್ತಕ್ಕೆ ಫೋನ್ ಮಾಡಿದಳು. ಹಿಂದೆ ಮಕ್ಕಳ ಗಲಾಟೆ, ಪಾತ್ರೆಯ ಸದ್ದು. "ಕೂಟದವರೆಲ್ಲ ಸೇರ್ತಾರಾ ಇವತ್ತು?" ಎಂದು ಕೇಳಿದಳು. "ಇವತ್ತು ರಜೆ," ಎಂದ. ಅದು ಸುಳ್ಳಲ್ಲ.

ಹನ್ನೊಂದು ಗಂಟೆಯ ಸುಮಾರಿಗೆ ಲಿಫ್ಟ್ ಹೊರಟ ಸದ್ದು ಕೇಳಿಸಿತು. ಅಭ್ಯಾಸಬಲದಿಂದ ಕಿವಿ ನಿಮಿರಿತು. ಒಂದು, ಎರಡು ದಾಟಿತು. ಆಮೇಲೆ 'ಟಕ್' ಎಂದು ನಿಂತಿತು. ಬಾಗಿಲು ತೆರೆದ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಅಪಾಯದ ಗಂಟೆ ಬಡಿದುಕೊಳ್ಳತೊಡಗಿತು.

ನಾಲ್ಕನೇ ಮಹಡಿಯಿಂದ ಅವನು ಇಳಿದು ಬಂದು ಮೂರನೆಯ ಮಹಡಿಯ ಬಾಗಿಲಿಗೆ ಕಿವಿ ಕೊಟ್ಟ. "ಯಾರಿದೀರಿ ಒಳಗೆ?"

"ನಾನು."

"ನಾನು ಅಂದ್ರೆ?"

"ಟೈಪಿಸ್ಟು. ಗುರುವಾರದ ಕೂಟದ್ದು."

"ನೀವು ಇಲ್ಲಿ..."

"ಅದನ್ನ ಆಮೇಲೆ ಹೇಳ್ತೀನಿ. ಮೊದಲು ನನ್ನನ್ನ ಹೊರಗೆ ತೆಗೀರಿ. ದೀಪಾನೂ ಹೋಗಿದೆ." ದನಿ ಬಿಗಿಯಾಗಿತ್ತು, ಆದರೆ ಅದರ ಅಂಚು ನಡುಗುತ್ತಿತ್ತು. "ಎಷ್ಟು ಹೊತ್ತಾಗುತ್ತೆ?"

'ಐದೇ ನಿಮಿಷ' ಎಂಬುದು ಲಿಫ್ಟ್ ಕೆಲಸದವರೆಲ್ಲರ ಬಾಯಲ್ಲಿ ಕೂತಿರುವ ಉತ್ತರ. ಅದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. "ಅರ್ಧ ಗಂಟೆ ಆಗಬಹುದು. ಜಾಸ್ತೀನೂ ಆಗಬಹುದು. ಕೆಳಗೆ ಕೂತ್ಕೊಳ್ಳಿ, ಗೋಡೆಗೆ ಒರಗಿ. ಬಾಗಿಲು ಮುಟ್ಟಬೇಡಿ. ಬೀಳಲ್ಲ ಅದು, ನಾಲ್ಕು ಉಕ್ಕಿನ ಹಗ್ಗ ಇದೆ. ಒಂದೇ ಒಂದು ಹಗ್ಗ ನಿಮ್ಮಂಥ ಹತ್ತು ಜನರನ್ನ ಹೊರುತ್ತೆ."

ಕಂಪನಿಗೆ ಫೋನ್ ಮಾಡಿದ. ಮೊದಲು ಸಂಗೀತ, ಆಮೇಲೆ ಹಬ್ಬದ ಶುಭಾಶಯ, ಕೊನೆಗೆ ಒಬ್ಬ ಮನುಷ್ಯ ಸಿಕ್ಕಿ, ಇರುವುದು ಒಬ್ಬನೇ ಮೆಕ್ಯಾನಿಕ್, ಎರಡು ಗಂಟೆಯಾದರೂ ಬೇಕು ಎಂದ. ಲಿಫ್ಟಣ್ಣ ಫೋನ್ ಜೇಬಿಗಿಟ್ಟು ಮಾಳಿಗೆಯ ಮೆಟ್ಟಿಲು ಹತ್ತಿದ. ಮೊಣಕಾಲು ನೋಯುತ್ತಿತ್ತು. ಯಂತ್ರದ ಕೋಣೆಯ ಬಾಗಿಲು ತೆರೆದಾಗ ಗ್ರೀಸಿನ ಹಳೆಯ ವಾಸನೆ ಮುಖಕ್ಕೆ ಬಡಿಯಿತು. ಮೊದಲು ಮೇನ್ ಸ್ವಿಚ್ ಕೆಳಗೆಳೆದ. ಆಮೇಲೆ ಗೋಡೆಗೆ ತೂಗುಹಾಕಿದ್ದ ಕೈಚಕ್ರ ಇಳಿಸಿ ಮೋಟರಿನ ತುದಿಗೆ ಸಿಕ್ಕಿಸಿದ. ಹತ್ತು ತಿಂಗಳಲ್ಲಿ ಅವನ ಅಂಗೈ ಮೆತ್ತಗಾಗಿತ್ತು, ಆದರೆ ಬೆರಳುಗಳು ಏನನ್ನೂ ಮರೆತಿರಲಿಲ್ಲ.

ನೆಲದಲ್ಲಿ ಹಗ್ಗಗಳು ಇಳಿಯುವ ಕಿಂಡಿಯಿಂದ ಅವಳ ದನಿ ಬಂತು. "ಲಿಫ್ಟಣ್ಣ, ಇದೀರಾ?"

"ಇದೀನಿ."

"ಮಾತಾಡ್ತಾ ಇರಿ. ಸುಮ್ಮನಾದ್ರೆ ನನಗೆ ಉಸಿರು ಕಟ್ಟುತ್ತೆ."

"ಏನು ಮಾತಾಡಲಿ?"

"ಏನಾದ್ರೂ. ಸುಳ್ಳು ಮಾತ್ರ ಬೇಡ."

ಅವನು ಸುತ್ತ ನೋಡಿದ. "ಇಲ್ಲೊಂದು ಸಣ್ಣ ಕಿಟಕಿ ಇದೆ," ಎಂದ ಕಿಂಡಿಯತ್ತ ಬಗ್ಗಿ. "ಗಾಜಿನ ಮೇಲೆ ಯಾರೋ ಬೆರಳಲ್ಲಿ ತಾರೀಖು ಬರೆದಿದಾರೆ, ಹೋದ ವರ್ಷದ ಮಾರ್ಚಿದು. ಆಮೇಲೆ ಯಾರೂ ಇಲ್ಲಿ ಗುಡಿಸಿಲ್ಲ. ಮೋಟರಿನ ಮೇಲೆ ಒಂದು ಟೀ ಲೋಟ ಇದೆ. ಒಳಗೆ ಸತ್ತ ಜೇಡ. ಹಗ್ಗದ ಮೇಲೆ ಹಳದಿ ಬಣ್ಣದ ಗೆರೆ ಬಳಿದಿದಾರೆ, ಆ ಗೆರೆ ಇಲ್ಲಿರೋ ಗುರುತಿಗೆ ಬಂದ್ರೆ ನೀವು ಸರಿಯಾಗಿ ಬಾಗಿಲ ಎದುರು ಬಂದಿದೀರಿ ಅಂತ. ಈಗ ನಾನು ಬ್ರೇಕ್ ಬಿಡಿಸ್ತೀನಿ. ಸ್ವಲ್ಪ ಅಲುಗಾಡುತ್ತೆ. ಹೆದರಬೇಡಿ."

ಎಡಗೈಯಲ್ಲಿ ಬ್ರೇಕಿನ ಸಲಾಕೆ ಒತ್ತಿ, ಬಲಗೈಯಲ್ಲಿ ಚಕ್ರ ತಿರುಗಿಸಿದ. ಕಾಲು ಸುತ್ತು, ಬ್ರೇಕ್. ಮತ್ತೆ ಕಾಲು ಸುತ್ತು, ಬ್ರೇಕ್. ಇಬ್ಬರು ಮಾಡಬೇಕಾದ ಕೆಲಸ. ನಾಲ್ಕು ಸಲ ತಿರುಗಿಸುವಷ್ಟರಲ್ಲಿ ಬೆನ್ನಿಗೆ ಬೆವರಿಳಿಯಿತು.

"ಮಾತು ನಿಲ್ಲಿಸಿದ್ರಿ," ಎಂದಿತು ಕಿಂಡಿ.

"ನೀವು ಅವತ್ತು ಏನೋ ಕೇಳಿದ್ರಲ್ಲ," ಎಂದ ಅವನು ಉಸಿರು ಹಿಡಿಯುತ್ತ. ಮುಖ ಕಾಣದಿದ್ದಾಗ ಅವನಿಗೆ ಮಾತು ಬರುತ್ತಿತ್ತು. "ನಿಮಗೆ ಏನಿತ್ತು ಅಂತ. ಏನೂ ಇರಲಿಲ್ಲ. ಅದಕ್ಕೇ ಹೇಳಿದ್ದು. ನಾನು ನೋಡೋ ಯಾವುದೂ ಇನ್ನೊಬ್ಬರಿಗೆ ಹೇಳೋ ಯೋಗ್ಯತೆಯದ್ದು ಅಂತ ನನಗೆ ಅನ್ನಿಸ್ತಿರಲಿಲ್ಲ. ಆಮೇಲೆ ನೀವೆಲ್ಲ ಅವಳನ್ನ ವಿಚಾರಿಸೋಕೆ ಶುರು ಮಾಡಿದ್ರಿ. ನನ್ನನ್ನ ಹಾಗೆ ಯಾರೂ ವಿಚಾರಿಸಿರಲಿಲ್ಲ. ಆ ಕಾಳಜೀನ ಅವಳ ಹೆಸರಲ್ಲಿ ನಾನು ತಗೊಂಡೆ."

ಅವನು ಮತ್ತೆ ಚಕ್ರ ತಿರುಗಿಸಿದ.

"ನಾನು ಇವತ್ತು ತಮ್ಮನ ಮನೆಗೆ ಹೋಗ್ತೀನಿ ಅಂತ ಕೂಟದಲ್ಲಿ ಹೇಳಿದ್ದೆ," ಎಂದಳು ಟೈಪಿಸ್ಟಮ್ಮ. "ನೆನಪಿದೆಯಾ?"

"ಇದೆ. ಪ್ರತಿ ವರ್ಷ ಹೋಗ್ತೀರಿ ಅಂದ್ರಿ."

"ತಮ್ಮ ಕರೆದು ಆರು ವರ್ಷ ಆಯ್ತು. ಮನೆ ಭಾಗ ಆದಾಗ ನಾನು ಸಹಿ ಹಾಕಲ್ಲ ಅಂದೆ. ಅಲ್ಲಿಗೆ ಮಾತು ನಿಂತಿತು." ಕತ್ತಲಿನಿಂದ ಬಂದ ದನಿಯಲ್ಲಿ ಕೋರ್ಟಿನ ಗತ್ತು ಇರಲಿಲ್ಲ. "ಅದೂ ಸುಳ್ಳೇ. ಅದನ್ನ ಟೈಪ್ ಮಾಡಿಲ್ಲ, ಅಷ್ಟೇ ವ್ಯತ್ಯಾಸ."

ಹಳದಿ ಗೆರೆ ಗುರುತಿನ ಹತ್ತಿರ ಬರುತ್ತಿತ್ತು. "ಇನ್ನೊಂದು ಗೇಣು," ಎಂದಷ್ಟೇ ಹೇಳಿದ.

ಗೆರೆ ಕೂಡಿತು. ಬ್ರೇಕ್ ಕಚ್ಚಿದ್ದನ್ನು ಎರಡು ಸಲ ಪರೀಕ್ಷಿಸಿ, ಮೂರನೇ ಮಹಡಿಗೆ ಇಳಿದು, ಯಂತ್ರದ ಕೋಣೆಯಿಂದ ತಂದ ಮುಕ್ಕೋನದ ಕೀಲಿಯಿಂದ ಲಿಫ್ಟಿನ ಬಾಗಿಲು ತೆರೆದ. ಟೈಪಿಸ್ಟಮ್ಮ ನೆಲದ ಮೇಲೆ ಕೂತಿದ್ದಳು, ಮಡಿಲಲ್ಲಿ ಫೈಲು, ಸೀರೆಯ ಸೆರಗು ಮುಷ್ಟಿಯಲ್ಲಿ. ಬೆಳಕಿಗೆ ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು. ಗ್ರೀಸ್ ಮೆತ್ತಿದ ಅವನ ಕೈ ಹಿಡಿದುಕೊಂಡು ಎದ್ದಳು. ಮೊದಲು ಆಕೆ ಹೇಳಿದ ಮಾತು, "ನಿಮ್ಮ ಮನೆಗೆ ಮೆಟ್ಟಿಲಿದೆ ತಾನೇ?"

ಅವನ ಅಡುಗೆಮನೆಯ ಮೇಜಿನ ಮುಂದೆ ಕೂತು ಎರಡು ಲೋಟ ನೀರು ಕುಡಿದ ಮೇಲೆ ಆಕೆ ಫೈಲು ಬಿಚ್ಚಿದಳು. ಎಂಟು ಪುಟಗಳೂ ಹಾಗೇ ಇದ್ದವು.

"ಹರಿದು ಎಸೀಬಹುದಿತ್ತು," ಎಂದಳು. "ಆದ್ರೆ ಪುಟದ ಸಂಖ್ಯೆ ತಪ್ಪುತ್ತೆ. ಫೈಲಿಂದ ಪುಟ ಕೀಳೋದು ನನಗೆ ಬರಲ್ಲ. ಅದಕ್ಕೆ ಒಂದು ಹಾಳೆ ಸೇರಿಸಿದೀನಿ, ಓದಿ ಸಹಿ ಮಾಡಿ. ಅದಕ್ಕೇ ಬಂದಿದ್ದು."

ಹಾಳೆಯಲ್ಲಿ ಒಂದೇ ಸಾಲು: 'ಮೇಲಿನ ಎಂಟು ಪುಟಗಳ ಹೇಳಿಕೆಯು ನಾನು ಕಂಡದ್ದಲ್ಲ, ಕಲ್ಪಿಸಿಕೊಂಡದ್ದು ಎಂದು ಹೇಳಿಕೆದಾರನಾದ ನಾನು ಒಪ್ಪುತ್ತೇನೆ.' ಲಿಫ್ಟಣ್ಣನಿಗೆ ನಗು ಬಂತು. ಕೈ ತೊಳೆದುಕೊಂಡು ಬಂದು ಸಹಿ ಮಾಡಿದ. ಆಕೆ ಶಾಯಿ ಒಣಗುವವರೆಗೆ ಊದಿ, ಹಾಳೆಯನ್ನು ಒಂಬತ್ತನೆಯ ಪುಟವಾಗಿ ಸೇರಿಸಿದಳು.

"ನರ್ಸಮ್ಮ?" ಎಂದು ಕೇಳಿದ.

"ನೊಂದಿದಾರೆ. ಸುಳ್ಳಿಗಲ್ಲ. ಆಯಮ್ಮ ಇಲ್ಲ ಅನ್ನೋದಕ್ಕೆ. ವಾರ್ಡಲ್ಲಿ ಒಬ್ಬರು ಹೋದ್ರೆ ಹೇಗಿರ್ತಾರೋ ಹಾಗಿದಾರೆ. ಅದನ್ನ ನೀವೂ ನಾನೂ ಸರಿ ಮಾಡೋಕಾಗಲ್ಲ."

ಬಸ್ ನಿಲ್ದಾಣದವರೆಗೆ ಅವಳ ಜೊತೆ ಹೋದ. ಹಬ್ಬದ ದಿನ ಬಸ್ಸು ಕಡಿಮೆ. ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕಾದರು. ನಡುವೆ ಫೈಲಿತ್ತು. ಎದುರು ಮನೆಯ ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಒಳಗಿನ ನಗು ಒಂದಿಷ್ಟು ಹೊರಗೆ ಬಂದು ನಿಲ್ಲುತ್ತಿತ್ತು. ಬಸ್ಸು ಬಂತು. ಹತ್ತುವಾಗ ಟೈಪಿಸ್ಟಮ್ಮ ತಿರುಗಿ, "ಎರಡು ವಾರ ಕೂಟ ಇಲ್ಲ. ಆಮೇಲೆ ಬನ್ನಿ," ಎಂದಳು. ಬರುತ್ತೀರಾ ಎಂದು ಕೇಳಲಿಲ್ಲ. ಖಾಲಿ ಬಸ್ಸಿನಲ್ಲಿ ಆಕೆ ಒಬ್ಬಳೇ ಚಾಲಕನ ಹಿಂದಿನ ಸೀಟಿನಲ್ಲಿ ಕೂತಳು. ಲಿಫ್ಟಣ್ಣ ಬಸ್ಸು ಮರೆಯಾಗುವವರೆಗೆ ನಿಂತಿದ್ದು ಮನೆಗೆ ಬಂದ. ಲಿಫ್ಟಿನ ಬಾಗಿಲಿಗೆ 'ಕೆಟ್ಟಿದೆ' ಎಂಬ ಚೀಟಿ ಅಂಟಿಸಿ, ನಾಲ್ಕು ಮಹಡಿ ಹತ್ತಿದ. ಆ ಎರಡು ವಾರ ಬಹಳ ಉದ್ದವಾದವು.

ಜನವರಿಯ ಎರಡನೆಯ ಗುರುವಾರ ಅವನು ಹೋದ. ಬಾಗಿಲ ಹತ್ತಿರ ಕಾಲು ಹಿಂದೆಗೆಯಿತು. ಅಷ್ಟರಲ್ಲಿ ಮೇಷ್ಟ್ರು, "ಬನ್ನಿ ಬನ್ನಿ, ಗಾಳಿ ಬರ್ತಿದೆ, ಬಾಗಿಲು ಹಾಕಿ," ಎಂದರು. ನರ್ಸಮ್ಮ ತಲೆಯೆತ್ತಲಿಲ್ಲ. ಅವಳ ಕೈಯಲ್ಲಿ ಹೆಣಿಗೆ ಇರಲಿಲ್ಲ. ಎರಡೂ ಕೈ ಸುಮ್ಮನೆ ಮೇಜಿನ ಮೇಲಿದ್ದವು.

ಅವನ ಸರದಿ ಬಂತು.

"ಅಂಗಡಿಬೀದಿಯಲ್ಲಿ," ಎಂದು ಶುರು ಮಾಡಿದ. "ಗಡಿಯಾರದ ಅಂಗಡಿ ಪಕ್ಕದಲ್ಲಿ. ಹೋದ ಸೋಮವಾರ. ಕ್ರಿಸ್‌ಮಸ್ ದೀಪದ ಸರ ಇಳಿಸ್ತಿದ್ರು. ಕೆಲಸದ ಹೆಂಗಸು ಅದನ್ನ ಮೊಣಕೈಗೂ ಅಂಗೈಗೂ ಸುತ್ತಿಕೊಳ್ತಿದ್ಲು, ಉಲ್ಲನ್ ಸುತ್ತೋ ಹಾಗೆ. ಸ್ವಿಚ್ ಆರಿಸೋಕೆ ಮರೆತಿದ್ರು. ದೀಪ ಎಲ್ಲ ಉರೀತಾನೇ ಇತ್ತು. ತೋಳು ತುಂಬ ಉರಿಯೋ ದೀಪ ಸುತ್ತಿಕೊಂಡು, ಹಾಗೇ ಒಳಗೆ ಹೋದ್ಲು." ಅವನು ನಿಲ್ಲಿಸಿದ. "ಇಷ್ಟೇ."

"ಕೈಗೆ ಶಾಕ್ ಹೊಡೀಲಿಲ್ವಾ?" ಎಂದಳು ನರ್ಸಮ್ಮ ತಟಕ್ಕನೆ. ಕೇಳಿದ ಮೇಲೆ ಬಾಯಿ ಬಿಗಿಹಿಡಿದಳು.

ಲಿಫ್ಟಣ್ಣ ಅವಳ ಕಡೆ ತಿರುಗಿದ. ಏನಾದರೂ ಹೇಳಿ ಸಮಾಧಾನ ಮಾಡುವುದು ಎಷ್ಟು ಸುಲಭವಾಗಿತ್ತು. "ಗೊತ್ತಿಲ್ಲ ನರ್ಸಮ್ಮ," ಎಂದ. "ಒಳಗೆ ಹೋದಮೇಲೆ ನನಗೆ ಕಾಣಲಿಲ್ಲ."

ನರ್ಸಮ್ಮ ಮತ್ತೆ ತನ್ನ ಕೈಗಳನ್ನೇ ನೋಡತೊಡಗಿದಳು.

ಟೈಪಿಸ್ಟಮ್ಮ ಹೊಸ ಹಾಳೆ ಏರಿಸಿದಳು. "ಎಷ್ಟು ಗಂಟೆಗೆ?"

"ಗಡಿಯಾರದ ಅಂಗಡಿ ಪಕ್ಕದಲ್ಲೇ ನಿಂತಿದ್ದೆ. ಆದ್ರೂ ನೋಡಲಿಲ್ಲ."

"ಸಮಯ ಗೊತ್ತಿಲ್ಲ ಅಂತಾನೇ ಬರೀತೀನಿ," ಎಂದು ಆಕೆ ಟೈಪ್ ಮಾಡತೊಡಗಿದಳು.

ಐದೂವರೆಗೆ ಸಭೆ ಮುಗಿಯಿತು. ಮೇಷ್ಟ್ರು ಕುರ್ಚಿಗಳನ್ನು ಗೋಡೆಗೆ ಸರಿಸಿದರು. ನರ್ಸಮ್ಮ ಯಾರಿಗೂ ಹೇಳದೆ ಮೊದಲು ಹೊರಟಳು. ಲಿಫ್ಟಣ್ಣ ತನ್ನ ದಾರಿ ಹಿಡಿದು ಒಬ್ಬನೇ ಮನೆಯ ಕಡೆ ನಡೆದ.